ಹಿಂದಿನ ಗಾಜಿನಲ್ಲಿದ್ದವನು

ನನ್ನ ತಂಗಿಯ ಕಾರಿನ ಹಿಂದಿನ ಗಾಜಿನ ತುಂಬ ಅವಳ ಗಂಡನ ಮುಖವಿತ್ತು. ಯಾರದೋ ಮದುವೆಯಲ್ಲಿ ತೆಗೆದ ಫೋಟೋ. ತಲೆಗೆ ಕೇಸರಿ ಪಟಕಾ, ಕಣ್ಣಿಗೆ ಕಪ್ಪು ಕನ್ನಡಕ, ಮೀಸೆಯ ಕೆಳಗೆ ಸಣ್ಣ ನಗು. ಎರಡೂ ಮೂಲೆಗಳಲ್ಲಿ ಉರಿಯುವ ದೀಪ, ಕೆಳಗೆ ದಪ್ಪ ಅಕ್ಷರದಲ್ಲಿ ‘ಮತ್ತೆ ಹುಟ್ಟಿ ಬಾ’. ಅವನು ಎದೆನೋವು ಬಂದು ಹಠಾತ್ತನೆ ತೀರಿಕೊಂಡಿದ್ದ. ವರ್ಷದ ಪುಣ್ಯತಿಥಿಯ ಹೊತ್ತಿಗೆ ಅವನ ತಮ್ಮ ಮತ್ತು ಗೆಳೆಯರು ಸೇರಿ, ಕಾರು ತೊಳೆಸಿ ತರುತ್ತೇವೆಂದು ಒಯ್ದು, ಹೀಗೆ ಮಾಡಿಸಿ ತಂದು ರಾಮದುರ್ಗದ ಮನೆಯ ಅಂಗಳದಲ್ಲಿ ನಿಲ್ಲಿಸಿದರು. ತಂಗಿಯನ್ನು ಯಾರೂ ಕೇಳಿರಲಿಲ್ಲ. ಅವಳ ಅತ್ತೆ ಹೊರಗೆ ಬಂದು ನೋಡಿ, ಗಾಜಿಗೆ ಹಣೆ ಹಚ್ಚಿ ಅತ್ತರು. ಅಷ್ಟಾದ ಮೇಲೆ ಬೇಡ ಎನ್ನುವ ಧೈರ್ಯ ಯಾರಿಗೆ ಬರುತ್ತದೆ?

ನಮ್ಮ ಕಡೆ ಇದು ಹೊಸದೇನಲ್ಲ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ತೀರಿಕೊಂಡ ಅಪ್ಪಂದಿರು, ಅಣ್ಣಂದಿರು, ಒಮ್ಮೊಮ್ಮೆ ತೀರಿಕೊಂಡ ಎತ್ತುಗಳು ಕೂಡ ಜೀಪು ಟೆಂಪೋಗಳ ಬೆನ್ನ ಮೇಲೆ ಕುಳಿತು ಸಂತೆಗೆ ಹೊರಟಿರುತ್ತವೆ. ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುವವಳು. ಗಾಜು ಇರುವುದು ಆಚೆಯದು ಕಾಣಲಿಕ್ಕೆ ಎಂದು ತಿಳಿದವಳು. ಆ ಸ್ಟಿಕರಿನಲ್ಲಿ ಸೂಜಿಯ ಮೊನೆಯಷ್ಟು ತೂತುಗಳಿರುತ್ತವಂತೆ, ಹೊರಗಿನವರಿಗೆ ಚಿತ್ರ ಕಾಣುತ್ತದೆ, ಒಳಗಿನವರಿಗೆ ರಸ್ತೆ ಕಾಣುತ್ತದೆ. “ಕಾಣತೈತಿ ಅಕ್ಕಾ, ಸಂಜಿ ಆತಂದ್ರ ಅಷ್ಟ ಸ್ವಲ್ಪ ಕತ್ತಲಿ,” ಎನ್ನುತ್ತಿದ್ದಳು ತಂಗಿ. ಹಿಂದಕ್ಕೆ ತೆಗೆದುಕೊಳ್ಳುವಾಗ ಮಾತ್ರ ಕಿಟಕಿಯಿಂದ ಕುತ್ತಿಗೆ ಹೊರಗೆ ಚಾಚುತ್ತಿದ್ದಳು.

ಗಂಡ ಬದುಕಿದ್ದಾಗ ಅವಳಿಗೆ ಸ್ಟೇರಿಂಗ್ ಮುಟ್ಟಗೊಟ್ಟಿರಲಿಲ್ಲ. ಕೆಟ್ಟವನಲ್ಲ, ಹೆಂಗಸರು ಗಾಡಿ ಹೊಡೆದರೆ ತನಗೆ ಮುಂದೆ ಕುಳಿತುಕೊಳ್ಳಲು ಹೆದರಿಕೆಯಾಗುತ್ತದೆ ಎನ್ನುತ್ತಿದ್ದ, ಅಷ್ಟೆ. ಅವನು ಹೋದ ಮೇಲೆ ಅವಳು ಕಲಿತಳು. “ಈಗ ನೋಡು, ಹಿಂದ ಕುಂತ ಕಾವಲಾ ಕಾಯಾಕತ್ತಾನ,” ಎಂದು ನಾನೊಮ್ಮೆ ಚೇಷ್ಟೆ ಮಾಡಿದೆ. ಅವಳು ಬಹಳ ದಿನ ನನ್ನ ಫೋನ್ ಎತ್ತಲಿಲ್ಲ. ನನ್ನ ಬಾಯಿ ಹೀಗೇ, ನಮ್ಮ ಮನೆಯವರಿಗೆಲ್ಲ ಗೊತ್ತು.

ಅವಳದು ಅಂಗನವಾಡಿಗಳ ಮೇಲ್ವಿಚಾರಕಿಯ ಕೆಲಸ. ಸವದತ್ತಿ ತಾಲ್ಲೂಕಿನ ಹಳ್ಳಿಗಳಿಗೆಲ್ಲ ಆ ಕಾರಿನಲ್ಲೇ ತಿರುಗುತ್ತಿದ್ದಳು, ಅವನೂ ಜೊತೆಗೆ ತಿರುಗುತ್ತಿದ್ದ. ಅವನನ್ನು ಬಲ್ಲವರು ರಸ್ತೆಯ ಮೇಲೆ ಕಾರಿಗೆ ಕೈ ಮುಗಿಯುತ್ತಿದ್ದರು. ಉಗರಗೋಳದಲ್ಲಿ ಒಬ್ಬ ಹೂವಿನ ಅಂಗಡಿಯವನು, “ಇವ್ರು ಯಾವ ಪಕ್ಷದಿಂದ ನಿಂತಾರ್ರಿ ಬಾಯಾರ?” ಎಂದು ಕೇಳಿದ್ದನಂತೆ. ಅವಳು ಅದನ್ನು ನಗುತ್ತಲೇ ಹೇಳಿದಳು. ಆದರೆ ತರಕಾರಿ ಕೊಳ್ಳಲು ನಿಂತರೂ, ಪೆಟ್ರೋಲ್ ಹಾಕಿಸಲು ನಿಂತರೂ, ಜನ ಮೊದಲು ಗಾಜು ನೋಡಿ ಆಮೇಲೆ ಅವಳನ್ನು ನೋಡಿ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಅವಳು ಬೇಸರದಲ್ಲಿಲ್ಲದ ದಿನವೂ ಜನರಿಗಾಗಿ ಬೇಸರದ ಮುಖ ಮಾಡಬೇಕಾಗುತ್ತಿತ್ತು.

ಬೆಳಿಗ್ಗೆ ಕಾರು ಹೊರಡುವ ಮೊದಲು ಅತ್ತೆ ಹೊರಗೆ ಬರುತ್ತಿದ್ದರು. ಸೆರಗಿನಿಂದ ಆ ಮುಖದ ಧೂಳು ಒರೆಸಿ, ಹಣೆಯ ಜಾಗದಲ್ಲಿ ಗಾಜಿಗೆ ವಿಭೂತಿ ಹಚ್ಚುತ್ತಿದ್ದರು. ಆಮೇಲೆ ಮುಂದಿನ ಕಿಟಕಿಗೆ ಬಂದು, “ಬುತ್ತಿ ತಗೊಂಡಿಯೇನು? ಸಾವಕಾಶ ಹೋಗವಾ,” ಎನ್ನುತ್ತಿದ್ದರು. ಒಳ್ಳೆಯ ಹೆಂಗಸು. ಮಕ್ಕಳಿಲ್ಲದ ಸೊಸೆಯನ್ನು ಮಗ ಸತ್ತ ಮೇಲೆ ತವರಿಗೆ ಅಟ್ಟುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಈಕೆ ಇನ್ನೊಬ್ಬ ಮಗ, ಸೊಸೆ, ಮೊಮ್ಮಕ್ಕಳು ಇರುವ ಮನೆಯಲ್ಲಿ ನನ್ನ ತಂಗಿಗೆ ಮೊದಲಿನ ಕೋಣೆಯನ್ನೇ ಬಿಟ್ಟಿದ್ದರು, ಮೊದಲ ರೊಟ್ಟಿಯನ್ನು ಅವಳಿಗೇ ಬಡಿಸುತ್ತಿದ್ದರು. ತೊಂದರೆಯಾದದ್ದೇ ಅದರಿಂದ.

ಕಿತ್ತೂರಿನಿಂದ ಒಬ್ಬರು ಕೇಳಿ ಕಳಿಸಿದ್ದರು. ಗೊಬ್ಬರ, ಬೀಜದ ಅಂಗಡಿ ಇಟ್ಟವರು, ಹೆಂಡತಿ ಕಾಯಿಲೆಯಿಂದ ತೀರಿಕೊಂಡಿದ್ದರು. ನಮ್ಮ ಕಾಲೇಜಿನ ಒಬ್ಬ ಸಹೋದ್ಯೋಗಿಯ ದೂರದ ನೆಂಟರು, ಅವರ ಮೂಲಕವೇ ಮಾತು ಬಂತು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನ ಜೊತೆ ಸಂಸಾರಕ್ಕೆ ಕಳಿಸುವುದಕ್ಕೆ ನಮ್ಮಲ್ಲಿ ಉಡಿಕಿ ಎನ್ನುತ್ತಾರೆ. ಬಾಜಾಬಜಂತ್ರಿ ಇಲ್ಲ, ಹಂದರ ಇಲ್ಲ, ನಾಲ್ಕು ಮಂದಿ ಹಿರಿಯರು ಇದ್ದರೆ ಆಯಿತು. ನಮ್ಮ ಹಿರಿಯರು ಇದನ್ನು ಎಂದೋ ಒಪ್ಪಿದ್ದಾರೆಂದು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಹೆಣ್ಣು ಎದ್ದು ಹೋಗಬೇಕಾದದ್ದು ಗಂಡನ ಮನೆಯಿಂದ. ಆ ಮನೆಯವರು ಹೂಂ ಎನ್ನಬೇಕು. ಇಲ್ಲದಿದ್ದರೆ ಅದಕ್ಕೆ ಉಡಿಕಿ ಎನ್ನುವುದಿಲ್ಲ, ಓಡಿಹೋದಳು ಎನ್ನುತ್ತಾರೆ.

ಒಂದು ರವಿವಾರ ತಂಗಿ ನನ್ನನ್ನು ನೋಡಲು ಬರುವ ನೆವ ಮಾಡಿ ಬೈಲಹೊಂಗಲಕ್ಕೆ ಬಂದಳು. ಕಾರಿನ ಬೆನ್ನನ್ನು ನಮ್ಮ ಕಾಂಪೌಂಡ್ ಗೋಡೆಗೆ ಒತ್ತಿ ನಿಲ್ಲಿಸಿದಳು. ಗಂಡ ಗೋಡೆ ನೋಡುತ್ತ ಉಳಿದ, ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ಕಿತ್ತೂರಿಗೆ ಹೋದೆವು. ಆತ ಹೆಚ್ಚು ಮಾತಾಡಲಿಲ್ಲ. ಅವಲಕ್ಕಿ, ಚಹಾ ಆದ ಮೇಲೆ, “ನೀವು ಕಾರ ಹೊಡೀತೀರಂತಲ್ರಿ?” ಎಂದು ಕೇಳಿದ. ಅವಳು ಹೌದೆಂದಳು. “ಚಲೋ ಆತ್ರಿ. ನನಗ ಕಣ್ಣ ಅಷ್ಟಕ್ಕಷ್ಟ ಅದಾವು. ನೀವು ಹೊಡದ್ರ ನಾ ಆರಾಮ ಬಾಜೂಕ ಕುಂದರತೇನಿ,” ಎಂದ. ವಾಪಸು ಬರುವಾಗ ಸ್ಕೂಟರಿನ ಹಿಂದೆ ಕುಳಿತ ನನ್ನ ತಂಗಿ ಯಾವ ಕಾರಣವೂ ಇಲ್ಲದೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಕೇಳಿ ಬಹಳ ಕಾಲವಾಗಿತ್ತು, ನನಗೆ ಖುಷಿಯಾಯಿತು.

ಯುಗಾದಿಯೊಳಗೆ ಹೂಂ ಅಥವಾ ಉಹೂಂ ತಿಳಿಸಿ ಎಂದಿದ್ದರು ಕಿತ್ತೂರಿನವರು. ತಂಗಿಯ ಮನಸ್ಸು ಹೂಂ ಎಂದಿತ್ತು. ಅತ್ತೆಗೆ ಹೇಳುವುದೊಂದೇ ಬಾಕಿ, ಅದೊಂದೇ ಅವಳಿಂದ ಆಗುತ್ತಿರಲಿಲ್ಲ. ನಾನು ಹೇಳುತ್ತೇನೆಂದರೆ ಬೇಡವೆಂದು ಆಣೆ ಹಾಕಿದಳು. “ಮುಂಜಾನೆ ಆ ಮುಖಾ ಒರಸಿದ ಕೈಲೆ ನನಗ ಬುತ್ತಿ ಕೊಡತಾರ ಅಕ್ಕಾ. ಆ ಕೈ ನೋಡಕೋತ ನಾ ಹ್ಯಾಂಗ ಹೇಳ್ಲಿ?” ದಿನಗಳು ಕಳೆಯುತ್ತಿದ್ದವು. ಕಿತ್ತೂರಿನಿಂದ ನನ್ನ ಸಹೋದ್ಯೋಗಿಗೆ ಫೋನ್ ಬರುವುದು ಹೆಚ್ಚಾಯಿತು, ಅವರು ಸ್ಟಾಫ್ ರೂಮಿನಲ್ಲಿ ನನ್ನ ಮುಖ ನೋಡುವುದು ಹೆಚ್ಚಾಯಿತು.

ಹೀಗಿರುವಾಗ ಗಾಜು ಒಡೆಯಿತು.

ಕಬ್ಬು ಕಡಿಯುವ ಕಾಲ ಮುಗಿಯುತ್ತ ಬಂದಿತ್ತು. ಹೂಲಿಯ ಹತ್ತಿರ ಒಂದು ಅಂಗನವಾಡಿಯ ಮುಂದೆ ಕಾರು ನಿಲ್ಲಿಸಿ ಅವಳು ಒಳಗೆ ಮಕ್ಕಳ ತೂಕ ನೋಡುತ್ತಿದ್ದಳು. ಎದುರಿನ ಹೊಲದಿಂದ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ದಾರಿಗೆ ಬರಲು ಒಮ್ಮೆ ಹಿಂದಕ್ಕೆ ಸರಿಯಿತು. ಟ್ರೇಲರಿನಿಂದ ಹೊರಗೆ ಚಾಚಿದ್ದ ಕಬ್ಬಿನ ಗಳಗಳು ಸೀದಾ ಹಿಂದಿನ ಗಾಜಿನೊಳಗೆ ಹೊಕ್ಕವು. ಅವಳು ಓಡಿ ಬಂದಾಗ ಕಬ್ಬು ಹಿಂದಿನ ಸೀಟಿನವರೆಗೂ ಬಂದು ಕುಳಿತಿತ್ತು. ಟ್ರ್ಯಾಕ್ಟರಿನವನು ಇಳಿದು ಬಂದ, ಫೋಟೋ ನೋಡಿದ, ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ. “ತಪ್ಪಾತ್ರೀ ಯಜಮಾನ್ರ,” ಎಂದು ಗಾಜಿಗೇ ಕೈ ಮುಗಿದ. ಬದುಕಿದ್ದ ಯಜಮಾನತಿ ಪಕ್ಕದಲ್ಲೇ ನಿಂತಿದ್ದಳು.

ಗಾಜು ಪುಡಿಪುಡಿಯಾಗಿದ್ದರೂ ಸ್ಟಿಕರಿಗೆ ಅಂಟಿಕೊಂಡಿದ್ದರಿಂದ ಬಹುಪಾಲು ಉದುರಿರಲಿಲ್ಲ. ಒದ್ದೆ ಗೋಣಿತಟ್ಟಿನ ಹಾಗೆ ಒಳಕ್ಕೆ ಜೋತುಬಿದ್ದಿತ್ತು. ಗದ್ದದ ಹತ್ತಿರ, ಕನ್ನಡಕದ ಹತ್ತಿರ ತೂತು. ಅವಳು ಅದೇ ಸ್ಥಿತಿಯಲ್ಲಿ ಕಾರು ಹೊಡೆದುಕೊಂಡು ಬೈಲಹೊಂಗಲಕ್ಕೆ ನನ್ನ ಮನೆಗೆ ಬಂದಳು. ಜಗುಲಿಯಲ್ಲಿ ಕುಳಿತು ನೀರು ಕುಡಿದು ಹೇಳಿದಳು: “ಒಡದದ್ದ ನೋಡಿ ನನಗ ಮೊದಲ ಸಮಾಧಾನ ಆತು ಅಕ್ಕಾ. ಆಮ್ಯಾಲ ನನ್ನ ಬಗ್ಗೆ ನನಗ ಹೇಸಿಕಿ ಬಂತು.” ಹೇಸಿಗೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ ಎಂದೆ. ಅವಳು ನಂಬಲಿಲ್ಲ.

ಅತ್ತೆಗೆ ಫೋನ್ ಮಾಡಿದ್ದಾಯಿತು. ನಾನು ಪಕ್ಕದಲ್ಲೇ ಇದ್ದೆ, ಮಾತು ನನಗೂ ಕೇಳುತ್ತಿತ್ತು. “ನಿನಗ ಏನೂ ಪೆಟ್ಟಾಗಿಲ್ಲಲಾ? ನೀ ಒಳಗ ಇದ್ದಿದ್ದಿಲ್ಲಲಾ?” ಎಂದು ಎರಡೆರಡು ಸಲ ಕೇಳಿದರು. ಆಮೇಲೆ, “ಫೋಟೋ?” ಎಂದರು. ಒಡೆದಿದೆ ಎಂದಳು ತಂಗಿ. “ಹೋಗ್ಲಿ ಬಿಡು, ಅಳಬ್ಯಾಡ. ಹೊಸಾದು ಹಾಕಸೋಣು. ಗ್ಲಾಸ ಕೂಡಸೂ ದಿನಾ ನಾನೂ ಬರತೇನಿ.” ತಂಗಿ ಅಳುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಅತ್ತಳು.

ಗಾಜು ಹುಬ್ಬಳ್ಳಿಯಿಂದ ಬರಬೇಕಾಗಿತ್ತು. ಅದು ಬರುವತನಕ ಕಾರಿನ ಬೆನ್ನಿಗೆ ರಾಶಿ ಮುಚ್ಚುವ ಪ್ಲಾಸ್ಟಿಕ್ ಹಾಳೆ ಕಟ್ಟಿ ನಮ್ಮ ಅಂಗಳದಲ್ಲಿ ನಿಲ್ಲಿಸಿದೆವು, ತಂಗಿಯೂ ನನ್ನಲ್ಲೇ ಉಳಿದಳು. ಆ ದಿನಗಳಲ್ಲಿ ನಾನು ತಂಗಿಗೆ ಮತ್ತೆ ಮತ್ತೆ ಒಂದೇ ಮಾತು ಹೇಳಿದೆ. ಹೊಸ ಗಾಜಿನ ಮೇಲೆ ಆ ಮುಖ ಮತ್ತೆ ಕುಳಿತರೆ ಅದನ್ನು ಕೀಳಿಸುವ ಎದೆ ನಿನಗೆ ಈ ಜನ್ಮದಲ್ಲಿ ಬರುವುದಿಲ್ಲ, ಹೇಳುವುದಿದ್ದರೆ ಅದಕ್ಕೆ ಮೊದಲು ಹೇಳು. ಅವಳು ತಲೆ ಆಡಿಸುತ್ತಿದ್ದಳು. ತಲೆ ಆಡಿಸುವ ವಿದ್ಯಾರ್ಥಿಗಳನ್ನು ನಾನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನೋಡಿದ್ದೇನೆ, ಅದರ ಮೇಲೆ ನನಗೆ ಭರವಸೆಯಿಲ್ಲ.

ಗಾಜು ಬಂದ ದಿನ ಅತ್ತೆ ರಾಮದುರ್ಗದಿಂದ ಬೆಳಗಿನ ಬಸ್ಸಿಗೆ ಬಂದಿಳಿದರು. ಕೈಚೀಲದಲ್ಲಿ ವಿಭೂತಿ, ತೆಂಗಿನಕಾಯಿ, ನನಗೆಂದು ಶೇಂಗಾ ಹೋಳಿಗೆ. ಕಲಿಸುವವಳೆಂದು ಅವರು ನನ್ನನ್ನು ಅಕ್ಕೋರ ಎಂದೇ ಕರೆಯುವುದು. ಮೂವರೂ ಗಾಜಿನ ಅಂಗಡಿಗೆ ಹೋದೆವು. ಅಂಗಡಿಯವನು ಬ್ಲೇಡಿನಿಂದ ಅಂಚು ಬಿಡಿಸುತ್ತ ಬಂದ. ಒಡೆದ ಗಾಜು ಸ್ಟಿಕರಿನ ಸಮೇತ ಒಂದೇ ತುಂಡಾಗಿ ಎದ್ದು ಬಂತು. ಅವನು ಅದನ್ನು ಕಸದ ಡಬ್ಬಿಯ ಕಡೆ ಒಯ್ಯುವಾಗ ಅತ್ತೆ ತಡೆದರು.

“ಅಲ್ಲಿ ಹಾಕಬ್ಯಾಡ್ರಿ. ಕಟ್ಟಿ ಕೊಡ್ರಿ, ಮಲಪ್ರಭಾಕ್ಕ ಬಿಡತೇನಿ.”

“ಹೊಳ್ಯಾಗ ಗ್ಲಾಸ ಬಿಟ್ರ ನೀರಿಗೆ ಇಳದವರ ಕಾಲ ಹರೀತಾವ್ರಿ,” ಎಂದೆ ನಾನು. ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೂ ಅಂಗಡಿಯವನು ನನ್ನನ್ನು ಕೆಕ್ಕರಿಸಿ ನೋಡಿದ. ಹಿತ್ತಲಲ್ಲಿ ಹೂಳುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟು ಒಳಗೆ ಒಯ್ದ.

ಆಮೇಲಿನ ಕೆಲಸ ನೋಡುವಂತಿತ್ತು. ಚೌಕಟ್ಟಿನ ಹಳೆಯ ಗೋಂದನ್ನು ಕೆರೆದು, ಸೀಟಿನ ಸಂದಿಯಲ್ಲಿ ಬಿದ್ದ ಹರಳುಗಳನ್ನು ಯಂತ್ರದಿಂದ ಹೀರಿಸಿ, ಅಂಚಿನ ಸುತ್ತ ಕಪ್ಪು ಗೋಂದನ್ನು ಒಂದೇ ಸಮನೆ ಎಳೆದರು. ಇಬ್ಬರು ಹಿಡಿದು ಗಾಜನ್ನು ಇಳಿಸಿ, ಒತ್ತಿ, ಜಾರದಂತೆ ಟೇಪ್ ಅಂಟಿಸಿದರು. “ಇವತ್ತ ಸ್ಟಿಕರ್ ಬ್ಯಾಡ್ರಿ, ಒತ್ತಿದ್ರ ಗ್ಲಾಸ ಸರೀತೈತಿ. ನಾಳಿ ಹಚ್ಚಸ್ರಿ. ಮತ್ತ ಕಿಡಕಿ ಸ್ವಲ್ಪ ಇಳಿಸಿರ್ರಿ, ಬಾಗಲಾ ಜೋರ ಹಾಕಬ್ಯಾಡ್ರಿ,” ಎಂದ ಅಂಗಡಿಯವನು. ಗಾಜಿನಾಚೆ ರಸ್ತೆಯ ಆ ಬದಿಯ ಬೇವಿನ ಮರ, ಅದರ ಕೆಳಗೆ ಕುಳಿತ ಬಳೆಗಾರ್ತಿ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ತಂಗಿ ಡ್ರೈವರ್ ಸೀಟಿನಲ್ಲಿ ಕುಳಿತು ಕನ್ನಡಿಯಲ್ಲಿ ಅದನ್ನು ನೋಡುತ್ತಿದ್ದಳು. ಅತ್ತೆ ಕಾಯಿ ಒಡೆದು, “ನಾಳಿಗೆ ಹಚ್ಚಿದ್ರೂ ಇವತ್ತ ಮಾಡಿಸಿಡೋಣು ನಡೀರಿ,” ಎಂದು ಪಕ್ಕದ ಸ್ಟಿಕರ್ ಅಂಗಡಿಗೆ ಹೊರಟೇಬಿಟ್ಟರು.

ಮೊದಲ ಸಲ ಅವನ ತಮ್ಮ ರಾಮದುರ್ಗದಿಂದ ಕಾರು ತಂದು ಸ್ಟಿಕರ್ ಮಾಡಿಸಿದ್ದೂ ಬೈಲಹೊಂಗಲದ ಅದೇ ಅಂಗಡಿಯಲ್ಲಿ. “ಫೈಲ್ ಐತ್ರಿ ಅವ್ವಾರ. ಇಂಥಾವು ನಾವು ಅಳಸಂಗಿಲ್ರಿ,” ಎಂದು ಅವನು ಕಂಪ್ಯೂಟರಿನಲ್ಲಿ ಮುಖ ತೆಗೆದ. ಅತ್ತೆ ಅಕ್ಷರ ಇನ್ನೂ ದೊಡ್ಡದು ಮಾಡಿಸಿದರು, ಕೊರಳಿಗೆ ಹಾರ ಹಾಕಿಸಿದರು. ಕನ್ನಡಕ ತೆಗೆಯಲು ಬರುತ್ತದೆಯೇ, ಕಣ್ಣು ಕಾಣಲಿ ಎಂದು ಕೇಳಿದರು. ಅದು ಆಗುವುದಿಲ್ಲ ಎಂದ. ಯಂತ್ರ ಕಿರಗುಟ್ಟತೊಡಗಿತು. ಮೊದಲು ‘ಮತ್ತೆ ಹುಟ್ಟಿ ಬಾ’ ಹೊರಗೆ ಬಂತು, ಆಮೇಲೆ ಹಾರ, ಆಮೇಲೆ ಮೀಸೆ, ಕನ್ನಡಕ, ಪಟಕಾ. ಅತ್ತೆ ಯಂತ್ರದ ಮುಂದೆ ಬಾಗಿ ನಿಂತಿದ್ದರು. ಹೇಳುವುದಿದ್ದರೆ ಇದೇ ಕಡೆಯ ಹೊತ್ತು ಎಂದು ನಾನು ತಂಗಿಯ ಕಡೆ ನೋಡಿದೆ. ಇವಳು ಹೇಳುವುದಿಲ್ಲ, ಕಿತ್ತೂರಿನದು ಮುಗಿಯಿತು ಎಂದು ಅಂದುಕೊಂಡೆ.

“ಹಚ್ಚೂದು ಬ್ಯಾಡ್ರಿ ಅತ್ತಿ,” ಎಂದಳು ತಂಗಿ.

ಅತ್ತೆ ತಿರುಗಿದರು. “ಯಾಕ?”

“ಕಿತ್ತೂರಿಂದ ಒಬ್ಬಾವ್ರು ಕೇಳ್ಯಾರ್ರಿ. ಉಡಿಕಿಗೆ. ನಾ ಹೋಗಿ ನೋಡಿ ಬಂದೇನಿ. ನನಗ ಮನಸೈತ್ರಿ.”

ಯಂತ್ರ ನಿಂತಿತು. ಸ್ಟಿಕರಿನವನು ಕತ್ತರಿ ಹಿಡಿದವನು ಹಾಗೇ ನಿಂತ. ಅತ್ತೆಯ ಮುಖ ಕಪ್ಪಿಟ್ಟಿತು.

“ಅದಕ್ಕ ಗ್ಲಾಸ ಒಡಿಸಿದೇನು?”

ಆ ಮಾತು ಆ ಬಾಯಿಂದ ಬರುತ್ತದೆಂದು ನಾನು ಎಣಿಸಿರಲಿಲ್ಲ. ತಂಗಿ, “ಇಲ್ರಿ ಅತ್ತಿ, ಕಬ್ಬಿನ ಗಾಡಿ ಬಡೀತ್ರಿ, ಖರೇನ ಹೇಳತೇನ್ರಿ,” ಎಂದು ಸಣ್ಣ ಹುಡುಗಿಯ ಹಾಗೆ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕಡೆ ಕೈ ಎತ್ತಿದರು. “ಅಕ್ಕೋರ, ನೀವು ಸುಮ್ಕಿರ್ರಿ. ಇದು ನಮ್ಮ ಮನಿ ಮಾತು.” ಹಾಗೆಂದು ಹೊರಗೆ ಹೋಗಿ ಅಂಗಡಿಯ ಕಟ್ಟೆಯ ಮೇಲೆ, ನಮಗೆ ಬೆನ್ನು ಮಾಡಿ ಕುಳಿತರು.

ಸ್ಟಿಕರಿನವನು ನನ್ನ ಹತ್ತಿರ ಬಂದು, “ಕತ್ತರಸ್ಲೋ ಬ್ಯಾಡೋ ಹೇಳ್ರಿ ಬಾಯಾರ,” ಎಂದು ಪಿಸುಗುಟ್ಟಿದ. ನನಗೇನು ಗೊತ್ತು? ಕಡೆಗೆ ತಂಗಿ ಹೋಗಿ ಅತ್ತೆಯ ಪಕ್ಕದಲ್ಲಿ, ಒಂದು ಮೊಳ ಜಾಗ ಬಿಟ್ಟು ಕುಳಿತಳು. ಅತ್ತೆ ಅವಳ ಕಡೆ ತಿರುಗದೆ ರಸ್ತೆಗೇ ಪ್ರಶ್ನೆ ಕೇಳತೊಡಗಿದರು.

“ಏನ ಮಾಡತಾನ?”

“ಗೊಬ್ಬರದ ಅಂಗಡಿ ಐತ್ರಿ.”

“ಕುಡೀತಾನೇನು?”

“ಇಲ್ಲಂತ್ರಿ.”

“ಅಂತ ಅಂದ್ರ? ಸರೀ ಕೇಳಿಲ್ಲೇನ? ಮೊದಲಿನಾಕಿನ್ನ ಹ್ಯಾಂಗ ನೋಡಕೊಂಡಿದ್ದ? ಆಕಿ ತವರಮನಿಯವ್ರ ಏನಂತಾರ?”

ತಂಗಿಗೆ ಇದಾವುದೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಸ್ಕೂಟರಿನಲ್ಲಿ ಹೋಗಿ ಅವಲಕ್ಕಿ ತಿಂದು ಬಂದಿದ್ದೆವು. “ಏನ ಬೀಗತನಾ ಮಾಡೀರವಾ ಅಕ್ಕಾ ತಂಗಿ ಕೂಡಿ!” ಎಂದರು ಅತ್ತೆ. ಅಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಎದ್ದು ಒಳಗೆ ಬಂದು ಸ್ಟಿಕರಿನವನಿಗೆ, “ಕತ್ತರಿಸಿ ಸುತ್ತಿ ಕೊಡ್ರಿ. ಮಡಚಬ್ಯಾಡ್ರಿ,” ಎಂದರು.

ಅವನು ಸುತ್ತಿ ಕೊಟ್ಟ. ಅವರಷ್ಟೇ ಎತ್ತರದ ಸುರುಳಿ. ಅದನ್ನು ಎದೆಗೆ ಒರಗಿಸಿಕೊಂಡು ನನ್ನ ತಂಗಿಯ ಎದುರು ನಿಂತರು.

“ಅಂವ ನನ್ನ ಮಗ. ನನ್ನ ಮನ್ಯಾಗ ಇರತಾನ. ನೀ ಎಷ್ಟ ದಿನಾ ಅಂತ ಹೊತಗೊಂಡ ತಿರಗತಿ?”

ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಸಮಾಧಾನ ಮಾಡಲು ಹೋಗಲಿಲ್ಲ, ಅವರ ಎರಡೂ ಕೈಯಲ್ಲಿ ಸುರುಳಿ ಇತ್ತು.

“ಆ ಕಿತ್ತೂರಾವ್ರಿಗೆ ಫೋನ್ ಹಚ್ಚಿಕೊಡು,” ಎಂದರು ಅತ್ತೆ. ತಂಗಿ ಕಣ್ಣೊರೆಸಿಕೊಳ್ಳುತ್ತ ಹಚ್ಚಿ ಅವರ ಕಿವಿಗೆ ಹಿಡಿದಳು. ಆ ಕಡೆ ಯಾರೋ ಎತ್ತಿದರು. ಅತ್ತೆ ಗಂಟಲು ಸರಿಮಾಡಿಕೊಂಡು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದರು:

“ನಮಸ್ಕಾರ್ರೀ. ನಾವು ಹೆಣ್ಣಿನ ಕಡಿಯಾವ್ರು.”

ಹೆಣ್ಣಿನ ಒಡಹುಟ್ಟಿದ ಅಕ್ಕ ನಾನು ಅಲ್ಲೇ ನಿಂತಿದ್ದೆ. ನನ್ನ ಕಡೆ ಅವರು ನೋಡಲೂ ಇಲ್ಲ.